ಸರಣಿ ಹೋಟೆಲುಗಳ ಏಳುಬೀಳು ಮತ್ತು ಪರಿಮಾಣವ್ರತ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಮೊದಲು ಎಣಿಸುವುದು ನಮ್ಮ ಪರಂಪರೆ. ಅನ್ನವನ್ನು ದಾನವಾಗಿ ಕೊಡುವವನಿಗೂ ಬೆಲೆಗೆ ಕೊಡುವವನಿಗೂ ಒಂದು ಹೊಣೆ ಸಮಾನವಾಗಿದೆ. ಉಣ್ಣುವವನು ಅಡುಗೆಮನೆಯನ್ನು ನೋಡಿರುವುದಿಲ್ಲ. ಅವನು ಬಡಿಸಿದವನ ಮಾತನ್ನು ನಂಬಿ ಉಣ್ಣುತ್ತಾನೆ. ಒಂದೇ ಹೆಸರು, ಒಂದೇ ವೇಷ, ಒಂದೇ ರುಚಿಯನ್ನು ಹಲವು ಊರುಗಳಲ್ಲಿ ಹರಡುವ ಸರಣಿ ಹೋಟೆಲುಗಳು ಈ ನಂಬಿಕೆಯನ್ನೇ ಬಂಡವಾಳವಾಗಿ ಉಳ್ಳವು. ಅವು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂಬ ಪ್ರಶ್ನೆ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಭೋಜನಶಾಲೆಗಳನ್ನು ನಡೆಸುವ ನಮ್ಮ ಬಸದಿಗಳ ಟ್ರಸ್ಟುಗಳಿಗೂ, ಹೊರಗೆ ಉಣ್ಣಲೇಬೇಕಾದ ನಮ್ಮ ಕುಟುಂಬಗಳಿಗೂ ಅದು ವಿಚಾರಯೋಗ್ಯವಾದುದು.

ಗಣಿ ಹೇಳುವ ಪಾಠ

ಈ ವಿಚಾರಕ್ಕೆ ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳು ತಕ್ಕ ಪೀಠಿಕೆಯಾಗಿವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು. ಆಳ ಹೆಚ್ಚುತ್ತ ಹೋದಂತೆ ಒಂದು ಟನ್ ಅದಿರಿನಲ್ಲಿ ದೊರೆಯುವ ಚಿನ್ನ ಕಡಿಮೆಯಾಗುತ್ತ ಹೋಯಿತು. ಅದನ್ನು ಮೇಲೆತ್ತುವ ವೆಚ್ಚ ಮಾತ್ರ ಏರುತ್ತಲೇ ಇತ್ತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. ಬಳಿಕ ಕೇಂದ್ರ ಸರ್ಕಾರವು ಅವನ್ನು ವಹಿಸಿಕೊಂಡಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. ಚಿನ್ನ ತೀರಾ ಮುಗಿದುಹೋಗಿ ಗಣಿ ನಿಲ್ಲಲಿಲ್ಲ. ಪಡೆಯುವುದಕ್ಕಿಂತ ಕಳೆಯುವುದು ಹೆಚ್ಚಾದುದರಿಂದ ನಿಂತಿತು. ಅಂದಿನಿಂದ ಗಣಿಯ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಮುಂಜಾನೆಯ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಾರೆ.

ತನ್ನ ಮೂಲದ ಸತ್ವ ಕ್ಷೀಣಿಸುತ್ತಿರುವಾಗಲೂ ವಿಸ್ತಾರವನ್ನು ಬಿಡಲಾರದ ಪ್ರತಿಯೊಂದು ಉದ್ಯಮಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಹೋಟೆಲುಗಳ ಚರಿತ್ರೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ.

ಕಾಫಿಹೌಸಿನ ಕಥೆ

ಭಾರತದ ಮೊದಲ ದೊಡ್ಡ ಸರಣಿಗಳಲ್ಲಿ ಒಂದು ಇಂಡಿಯಾ ಕಾಫಿಹೌಸ್. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ಬಿದ್ದಾಗ, ಕೊಡಗು, ಚಿಕ್ಕಮಗಳೂರುಗಳ ಬೆಳೆಗೆ ದೇಶದೊಳಗೆಯೇ ಕುಡಿಯುವವರನ್ನು ಹುಡುಕುವುದು ಅಗತ್ಯವಾಯಿತು. ಕಾಫಿ ಸುಂಕದ ಹಣದಿಂದ 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಮಳಿಗೆ ತೆರೆಯಿತು. 1940ರ ದಶಕದಲ್ಲಿ ಇಂತಹ ಸುಮಾರು 50 ಮಳಿಗೆಗಳಿದ್ದವು. ಬಿಳಿಯ ಸಮವಸ್ತ್ರ, ಬೀಸಣಿಗೆಯಂತೆ ನೆರಿಗೆ ಹಿಡಿದ ಪೇಟ, ನಡುಪಟ್ಟಿ, ಒಂದೇ ಬಗೆಯ ಬಟ್ಟಲು, ಎಲ್ಲ ಊರಿನಲ್ಲಿಯೂ ಒಂದೇ ರುಚಿಯ ಕಾಫಿ ಅದರ ಗುರುತಾಗಿದ್ದವು.

1950ರ ದಶಕದ ನಡುವಿನಲ್ಲಿ ಕಾಫಿ ಮಂಡಳಿಯು ಈ ಮಳಿಗೆಗಳನ್ನು ಮುಚ್ಚಲು ನಿರ್ಧರಿಸಿತು. ಕೆಲಸ ಕಳೆದುಕೊಂಡ ಕಾರ್ಮಿಕರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ನಿನ್ನೆಯವರೆಗೆ ತಟ್ಟೆ ಹಿಡಿದು ಬಡಿಸುತ್ತಿದ್ದವನು ಇಂದು ಒಡೆತನದ ಪಾಲುದಾರನಾದನು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಐವತ್ತು ವರ್ಷ ನಡೆದ ಬೆಂಗಳೂರಿನ ಮಳಿಗೆಯು 2009ರಲ್ಲಿ ಆ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಕೇರಳದಲ್ಲಿ ಕಾಫಿಹೌಸುಗಳು ಇಂದಿಗೂ ಊರೂರಿನಲ್ಲಿವೆ. ಒಡೆಯನು ಕೈಬಿಟ್ಟ ಸರಣಿಯನ್ನು ಕೆಲಸಗಾರರು ಉಳಿಸಿಕೊಂಡರೆಂಬುದು ಇಲ್ಲಿನ ವಿಶೇಷ. ಅವರು ಹಿಗ್ಗಿಬೆಳೆಯಲಿಲ್ಲ, ಕೈಗೆ ಎಟಕುವಷ್ಟನ್ನು ಹಿಡಿದುಕೊಂಡರು.

ಮಾವಳ್ಳಿಯ ನಿಲುವು

ಇನ್ನೊಂದು ನಿದರ್ಶನ ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಇದನ್ನು ಬ್ರಾಹ್ಮಣ ಕಾಫಿ ಕ್ಲಬ್ಬೆಂಬ ಹೆಸರಿನಲ್ಲಿ ಆರಂಭಿಸಿದರು. ಯಾರ ಕೈಯ ಅಡುಗೆ ಎಂಬುದೇ ಆ ಕಾಲದಲ್ಲಿ ಹೋಟೆಲಿನ ಭರವಸೆಯಾಗಿತ್ತು. ದಕ್ಷಿಣದ ರೈಲ್ವೆ ನಿಲ್ದಾಣಗಳ ಉಪಾಹಾರಗೃಹಗಳಲ್ಲಿಯೂ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಜಾಗವಿದ್ದಿತು. ಅನೇಕರ ಪ್ರತಿಭಟನೆಯ ಫಲವಾಗಿ 1941ರಲ್ಲಿ ಆ ಭೇದ ನಿಂತಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿನ ಅಡುಗೆಮನೆಗಳ ನೈರ್ಮಲ್ಯವನ್ನು ಕಂಡುಬಂದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಅದರ ಹೆಸರೂ ಬದಲಾಯಿತು. ಜಾತಿಯ ಹೆಸರು ಹೋಗಿ ಊರಿನ ಹೆಸರು ಬಂದಿತು. ಕುಲದ ಭರವಸೆಯ ಜಾಗದಲ್ಲಿ ನೈರ್ಮಲ್ಯದ ಭರವಸೆ ನಿಂತಿತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡು ಒಳಹೋಗುವ ಏರ್ಪಾಟನ್ನು ಅಲ್ಲಿ ಮಾಡಲಾಯಿತು.

1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಹೋಟೆಲುಗಳು ತಿಂಡಿಗಳ ಬೆಲೆಯನ್ನು ಇಳಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಆ ಬೆಲೆಗೆ ಆ ಗುಣಮಟ್ಟ ಸಾಧ್ಯವಿರಲಿಲ್ಲ. ತುಪ್ಪಕ್ಕೆ ಬದಲಾಗಿ ಅಗ್ಗದ ಜಿಡ್ಡನ್ನು ಹಾಕುವ ದಾರಿ ಯಾರಿಗೂ ತೆರೆದೇ ಇತ್ತು. ಮಾವಳ್ಳಿಯವರು ಹಾಗೆ ಮಾಡದೆ, ಆಜ್ಞೆಯಂತೆ ಬೆಲೆಯನ್ನು ಇಳಿಸಿ, ಹಿಂದಿನ ರುಚಿಯಲ್ಲಿಯೇ ಬಡಿಸಿ, ದಿನದಿನದ ನಷ್ಟವನ್ನು ಬಾಗಿಲಲ್ಲಿ ಫಲಕದ ಮೇಲೆ ಬರೆದು ತೋರಿಸಿದರು. ನಷ್ಟ ಮಿತಿಮೀರಿದಾಗ ಹೋಟೆಲನ್ನೇ ಮುಚ್ಚಿದರು. ದಿನಸಿಯ ಅಂಗಡಿ ಮತ್ತು ಪೊಟ್ಟಣದ ಹಿಟ್ಟುಗಳ ವ್ಯಾಪಾರದಿಂದ ಕೆಲಸಗಾರರಿಗೆ ದುಡಿಮೆ ಒದಗಿಸಿದರು. 1984ರಲ್ಲಿ ಮತ್ತೆ ಬಾಗಿಲು ತೆರೆದರು. 2007ರಲ್ಲಿ ಪೊಟ್ಟಣದ ಆಹಾರದ ಉದ್ಯಮವು ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾದರೂ ಹೋಟೆಲು ಕುಟುಂಬದ ಕೈಯಲ್ಲಿಯೇ ಉಳಿಯಿತು. ಹೆಸರಿಗೆ ಕುಂದು ತರುವುದಕ್ಕಿಂತ ಬಾಗಿಲು ಹಾಕುವುದು ಲೇಸೆಂಬ ಈ ನಿಲುವೇ ಅದರ ಮುಂದಿನ ಏಳಿಗೆಗೆ ಅಡಿಗಲ್ಲಾಯಿತು.

ವಿಸ್ತಾರದ ಭಾರ

ಹೊರದೇಶಗಳಲ್ಲಿ ಈ ಬಗೆಯ ಏಳುಬೀಳು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಮೆರಿಕದ ಹಾವರ್ಡ್ ಜಾನ್ಸನ್ ಸರಣಿ 1925ರಲ್ಲಿ ಒಂದು ಚಿಕ್ಕ ಅಂಗಡಿಯಿಂದ ಹುಟ್ಟಿತು. ಕಿತ್ತಳೆ ಬಣ್ಣದ ಚಾವಣಿ, 28 ಬಗೆಯ ಐಸ್‌ಕ್ರೀಮು, ಹೆದ್ದಾರಿಯ ಬದಿಯ ನೆಲೆ ಅದರ ಲಾಂಛನಗಳು. 1970ರ ದಶಕದಲ್ಲಿ ಒಂದು ಸಾವಿರದಷ್ಟಿದ್ದ ಹೋಟೆಲುಗಳು ಕರಗುತ್ತ ಬಂದು 2022ರಲ್ಲಿ ಕಡೆಯದೂ ಮುಚ್ಚಿತು. 1991ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಪ್ಲಾನೆಟ್ ಹಾಲಿವುಡ್ ಚಲನಚಿತ್ರ ತಾರೆಯರ ಉಡುಪು, ಆಯುಧಗಳನ್ನು ಗೋಡೆಗೆ ತೂಗುಹಾಕಿ ಜನರನ್ನು ಸೆಳೆಯಿತು. ಎಂಟು ವರ್ಷಗಳೊಳಗೆ, 1999ರಲ್ಲಿ, ಅದು ದಿವಾಳಿತನದ ರಕ್ಷಣೆಯನ್ನು ಬೇಡಿತು. ಗೋಡೆಯ ಮೇಲಿನದನ್ನು ಜನ ಒಮ್ಮೆ ನೋಡಿಹೋಗುತ್ತಾರೆ. ಎರಡನೆಯ ಸಲ ಅವರನ್ನು ಕರೆತರಬೇಕಾದುದು ಎಲೆಯ ಮೇಲಿನದು.

ನಮ್ಮ ನಾಡಿನ ನಿದರ್ಶನವನ್ನು ವಿಷಾದದಿಂದಲೇ ನೆನೆಯಬೇಕಾಗಿದೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ವಿ. ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯನ್ನು ತೆರೆದರು. ಕಾಫಿಯೊಡನೆ ಇಂಟರ್‌ನೆಟ್ ಸೌಲಭ್ಯವನ್ನೂ ಒದಗಿಸಿದ್ದು, ತರುಣರು ಗಂಟೆಗಟ್ಟಲೆ ಕುಳಿತು ಮಾತನಾಡಲು ಜಾಗ ಕೊಟ್ಟಿದ್ದು ಅದರ ಹೊಸತನ. ತೋಟದ ಬೀಜದಿಂದ ಬಟ್ಟಲಿನವರೆಗೆ ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿದ್ದುದು ಅದರ ಬಲ. ಸಾವಿರಾರು ಯುವಕರಿಗೆ ಅದು ಮೊದಲ ನೌಕರಿಯನ್ನು ಕೊಟ್ಟಿತು. 2019ರ ಹೊತ್ತಿಗೆ ಮಳಿಗೆಗಳ ಸಂಖ್ಯೆ 1,700ನ್ನು ಮುಟ್ಟಿತ್ತು. ಸಮೂಹದ ಸಾಲವು ಸುಮಾರು 7,000 ಕೋಟಿ ರೂಪಾಯಿಗಳಾಗಿತ್ತು. ಆ ವರ್ಷದ ಜುಲೈ ಕೊನೆಯಲ್ಲಿ ಸಿದ್ಧಾರ್ಥ ಅವರು ನಿಧನರಾದರು. ಮರುವರ್ಷ ಮಹಾಮಾರಿ ಬಂದಿತು. ಅವರ ಪತ್ನಿ ಮಾಳವಿಕಾ ಹೆಗ್ಡೆಯವರು 2020ರ ಡಿಸೆಂಬರಿನಲ್ಲಿ ಆಡಳಿತವನ್ನು ವಹಿಸಿಕೊಂಡು, ಆಸ್ತಿಗಳ ಮಾರಾಟದಿಂದ ಆರಂಭವಾಗಿದ್ದ ಸಾಲ ತೀರಿಕೆಯನ್ನು ಮುಂದುವರಿಸಿ, ನಷ್ಟದ ಮಳಿಗೆಗಳನ್ನು ಮುಚ್ಚಿ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದರು. 2022ರ ವೇಳೆಗೆ ಮಳಿಗೆಗಳು 500ರ ಆಸುಪಾಸಿಗೆ ಇಳಿದಿದ್ದವು. ಇಲ್ಲಿ ಕಾಫಿ ಕೆಟ್ಟಿರಲಿಲ್ಲ, ಜನರ ಪ್ರೀತಿಯೂ ಬತ್ತಿರಲಿಲ್ಲ. ಸಾಲದ ಮೇಲೆ ನಿಂತ ವಿಸ್ತಾರದ ಭಾರವು ಕಟ್ಟಿದವರ ಮೇಲೆಯೇ ಬಿದ್ದಿತು. ತೀರಿಹೋದವರನ್ನು ತೂಗುವುದು ನಮ್ಮ ಕೆಲಸವಲ್ಲ. ಬದುಕಿರುವವರು ಮಿತಿಯನ್ನು ಅರಿಯಬೇಕೆಂಬುದಷ್ಟೇ ಇಲ್ಲಿನ ಮಾತು.

ಒಡೆಯನಿಲ್ಲದ ಹೆಸರು

ಇನ್ನು ಒಡೆಯನಿಲ್ಲದೆ ಹರಡುವ ಸರಣಿಗಳೂ ಉಂಟು. 1983ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿಯನ್ನು ತೆರೆದು, ನಿಂತು ತಿನ್ನುವ, ಕಡಿಮೆ ಬೆಲೆಯ, ಅಡುಗೆ ಕಣ್ಣಿಗೆ ಕಾಣುವ ಹೋಟೆಲಿನ ಮಾದರಿಯನ್ನು ಕೊಟ್ಟರು. ಬೇರೆಯವರು ಅದನ್ನು ಅನುಸರಿಸಿದರು. ದರ್ಶಿನಿ ಎಂಬುದು ಒಂದು ಜಾತಿವಾಚಕವೇ ಆಯಿತು. ಹಾಗೆಯೇ ಬಂಗಾರಪೇಟೆಯ ಪಾನಿಪುರಿ. ಹಸಿರು ಬಣ್ಣವಿಲ್ಲದ, ತಿಳಿಯಾದ, ಆದರೆ ಖಾರವಾದ ಪಾನಿಯೇ ಅದರ ವಿಶೇಷ. ಆ ಊರಿನ ಹೆಸರನ್ನು ಹೊತ್ತ ಅಂಗಡಿಗಳು ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಹಲವಾರಿವೆ. ಅವಕ್ಕೆಲ್ಲ ಒಬ್ಬ ಒಡೆಯನಿಲ್ಲ, ಸಾಲದ ಹೊರೆಯ ದೊಡ್ಡ ಸಂಸ್ಥೆಯಿಲ್ಲ. ಒಂದು ಅಂಗಡಿ ಮುಚ್ಚಿದರೆ ಇನ್ನೊಂದು ಕುಸಿಯುವುದಿಲ್ಲ.

ಆದರೆ ಒಡೆಯನಿಲ್ಲದ ಹೆಸರಿಗೆ ಕಾವಲುಗಾರನೂ ಇಲ್ಲ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ ಹಲವೆಡೆ ಸಂಗ್ರಹಿಸಿದ ಪಾನಿಪುರಿಯ 260 ಮಾದರಿಗಳಲ್ಲಿ 41ರಲ್ಲಿ ಹಾನಿಕರವಾದ ಕೃತಕ ಬಣ್ಣ ಮೊದಲಾದುವು ಕಂಡುಬಂದವು. ಬಣ್ಣವಿಲ್ಲದ ಪಾನಿಯ ಮರ್ಯಾದೆ ಇದರಿಂದ ಹೆಚ್ಚಿತೆನ್ನಬಹುದು. ಆದರೂ ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವಲ್ಲವೆಂಬುದನ್ನು ನೀರನ್ನು ಗಾಳಿಸಿ ಕುಡಿಯುವ ನಮಗೆ ಹೇಳಬೇಕಾಗಿಲ್ಲ. ಊರಿನ ಹೆಸರನ್ನು ಫಲಕದ ಮೇಲೆ ಬರೆದವನು ಆ ಊರಿನ ಎಲ್ಲರ ಮಾನಕ್ಕೂ ಹೊಣೆಯಾಗುತ್ತಾನೆ.

ಎರಡು ಅತಿಚಾರಗಳು

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಪ್ರತಿರೂಪಕ ವ್ಯವಹಾರವನ್ನು ಎಣಿಸುತ್ತದೆ. ಒಂದನ್ನು ತೋರಿಸಿ ಅದರಂತೆ ಕಾಣುವ ಇನ್ನೊಂದನ್ನು ಕೊಡುವುದು ಕಳವಿನ ನೆರಳೆಂಬುದು ಅದರ ಭಾವ. ಹೆಸರನ್ನೂ ವೇಷವನ್ನೂ ಉಳಿಸಿಕೊಂಡು ಒಳಗಿನ ಸತ್ವವನ್ನು ಕಳೆದುಕೊಂಡ ಹೋಟೆಲು ಮಾಡುವುದು ಇದನ್ನೇ. ಪರಿಗ್ರಹ ಪರಿಮಾಣವ್ರತದ ಅತಿಚಾರವೆಂದರೆ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಾದಿಗಳಲ್ಲಿ ತಾನೇ ಹಾಕಿಕೊಂಡ ಎಲ್ಲೆಯನ್ನು ಮೀರುವುದು. ಈ ವ್ರತವು ಗೃಹಸ್ಥನಿಗೆ ಗಳಿಕೆಯನ್ನು ನಿಷೇಧಿಸುವುದಿಲ್ಲ. ಎಲ್ಲೆಯನ್ನು ಮೊದಲೇ ನಿಶ್ಚಯಿಸಬೇಕೆನ್ನುತ್ತದೆ. ಲಾಭದ ನಡುವೆ ನಿಂತು ಎಲ್ಲೆಯನ್ನು ಹುಡುಕುವವನಿಗೆ ಅದು ಸಿಗುವುದಿಲ್ಲ.

ಮೇಲಿನ ನಿದರ್ಶನಗಳಲ್ಲಿ ಈ ಎರಡು ದೋಷಗಳಿಗೂ ಒಂದೇ ಬೇರು ಕಾಣುತ್ತದೆ. ಕೊಟ್ಟ ಮಾತನ್ನು ನಡೆಸಬಲ್ಲ ಕೈಗಳ ಸಂಖ್ಯೆಗಿಂತ ಫಲಕಗಳ ಸಂಖ್ಯೆ ಹೆಚ್ಚಾದಾಗ, ಒಂದೋ ಪದಾರ್ಥ ಪ್ರತಿರೂಪಕವಾಗುತ್ತದೆ, ಇಲ್ಲವೇ ಒಡೆಯನು ಸಾಲಕ್ಕೆ ಸಿಲುಕುತ್ತಾನೆ.

ನಮ್ಮ ಟ್ರಸ್ಟುಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಲ್ಲದ ತಿಂಡಿಗೆ ‘ಜೈನ್’ ಎಂಬ ಹೆಸರು ಇಂದು ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಸಾಮಾನ್ಯವಾಗಿದೆ. ಅದೇ ಬಾಣಲೆ, ಅದೇ ಸೌಟು, ಅದೇ ಎಣ್ಣೆಯಲ್ಲಿ ಬೆಂದ ಪದಾರ್ಥಕ್ಕೆ ಆ ಹೆಸರು ಸಲ್ಲುವುದೇ ಎಂದು ಕೇಳುವ ಹೊಣೆ ಉಣ್ಣುವವರ ಮೇಲಿದೆ. ನಾವೇ ಭೋಜನಶಾಲೆಯನ್ನು ತೆರೆಯುವಾಗ ಈ ಹೊಣೆ ಇಮ್ಮಡಿಯಾಗುತ್ತದೆ. ನೀರನ್ನು ಗಾಳಿಸುವವರು ಯಾರು, ಸೂರ್ಯಾಸ್ತಕ್ಕೆ ಮುನ್ನ ಒಲೆ ಆರಿಸುವವರು ಯಾರು, ಧಾನ್ಯವನ್ನು ಹುಳು ನೋಡಿ ಹಸನುಮಾಡುವವರು ಯಾರು, ಅವರ ಸಂಬಳ ಜೀವನಕ್ಕೆ ಸಾಕಾಗುವುದೇ ಎಂಬುದನ್ನು ನಿಶ್ಚಯಿಸದೆ ಎರಡನೆಯ ಶಾಲೆಯ ಶಂಕುಸ್ಥಾಪನೆಗೆ ಮುಹೂರ್ತವಿಡಬಾರದು. ದಾನಿಗಳ ಉತ್ಸಾಹ ದೊಡ್ಡದಿರಬಹುದು. ಅಡುಗೆಮನೆಯಲ್ಲಿ ನಿತ್ಯ ನಿಲ್ಲುವವರು ದೊರೆಯುವುದು ಕಷ್ಟ. ಅಂಥವರು ನಾಲ್ವರಿದ್ದರೆ ಒಂದು ಭೋಜನಶಾಲೆ ಸಾಕು. ಅದನ್ನು ನೂರು ವರ್ಷ ನಡೆಸುವ ಸಂಕಲ್ಪ ಮಾಡುವುದು ನಾಲ್ಕು ಊರುಗಳಲ್ಲಿ ಫಲಕ ಹಾಕುವುದಕ್ಕಿಂತ ಶ್ರೇಯಸ್ಕರ.