ಚುಕ್ಕಾಣಿ ಹಿಡಿದವನಿಗೂ ಒಂದು ಪರೀಕ್ಷೆ

ದೋಣಿ ಮಗುಚಿದ ಮರುದಿನ ಪತ್ರಿಕೆಗಳು ಕೇಳುವ ಪ್ರಶ್ನೆ ಎರಡೇ: ಎಷ್ಟು ಜನ ಹತ್ತಿದ್ದರು, ಲೈಫ್ ಜಾಕೆಟ್ ಇತ್ತೇ? ಜಿಲ್ಲಾಡಳಿತ ಅವೆರಡಕ್ಕೆ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಚುಕ್ಕಾಣಿ ಹಿಡಿದಿದ್ದವನು ಯಾರು, ಅವನನ್ನು ಪರೀಕ್ಷಿಸಿ ಪತ್ರ ಕೊಟ್ಟವರು ಯಾರು ಎಂಬುದು ವಿಚಾರಣಾ ಆಯೋಗ ಕೂತ ಮೇಲಷ್ಟೇ ಹೊರಬರುತ್ತದೆ. ಜಲಪ್ರವಾಸೋದ್ಯಮದ ಮಾತು ಜೋರಾದ ಮೇಲಂತೂ 'ಬೋಟಿಗೆ ಲೈಸೆನ್ಸ್ ಇದೆ' ಎಂದರೆ ಎಲ್ಲವೂ ಸರಿಯಿದೆ ಎಂದೇ ಜನ ತಿಳಿಯುತ್ತಾರೆ. ಬೋಟಿನ ನೋಂದಣಿ ಬೇರೆ, ವರ್ಷವರ್ಷದ ತಪಾಸಣೆಯ ಪತ್ರ ಬೇರೆ, ಅದನ್ನು ನಡೆಸುವವನ ಅರ್ಹತಾ ಪತ್ರವೇ ಬೇರೆ. ಮೂರನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಹಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಡವುಗಳ ಬಗ್ಗೆ ಬ್ರಿಟಿಷರು ಮಾಡಿದ ಮೊದಲ ಕಾನೂನುಗಳಿಗೆ ಸುಂಕದ್ದೇ ಚಿಂತೆ. ಉತ್ತರ ಕನ್ನಡಕ್ಕೆ ಮುಂಬಯಿಯ 1868ರ ಕಾಯ್ದೆ, ದಕ್ಷಿಣ ಕನ್ನಡಕ್ಕೆ ಮದರಾಸಿನ 1890ರ ಕಾಯ್ದೆ. ಕಡವನ್ನು ಗುತ್ತಿಗೆಗೆ ಹಿಡಿದವನು ಯಾರು, ತಲೆಗೆಷ್ಟು ಕಾಸು ಎಂಬುದು ಅವುಗಳಲ್ಲಿ ವಿವರವಾಗಿತ್ತು. ಅಂಬಿಗನ ಕೈಚಳಕ ಅವನ ಅಪ್ಪನಿಗೂ ಊರಿಗೂ ಬಿಟ್ಟ ವಿಷಯವಾಗಿತ್ತು. ನಡೆಸುವವನನ್ನು ಪರೀಕ್ಷಿಸಬೇಕೆಂಬ ವಿಚಾರ ಬಂದದ್ದು ಗಂಗಾ, ಬ್ರಹ್ಮಪುತ್ರಾಗಳ ಉಗಿಹಡಗುಗಳಿಂದ. 1884ರ ಕಾಯ್ದೆ, ಅದನ್ನು ತೆಗೆದು ಬಂದ 1917ರ ಒಳನಾಡು ಉಗಿನೌಕೆ ಕಾಯ್ದೆ ಮಾಸ್ಟರ್, ಸೆರಾಂಗ್, ಎಂಜಿನ್ ಡ್ರೈವರ್ ಎಂಬ ದರ್ಜೆಗಳನ್ನು ಕಟ್ಟಿದವು. ಆಗಲೇ ಹಲವು ವರ್ಷ ನೌಕೆ ನಡೆಸಿದ್ದವರಿಗೆ ಪರೀಕ್ಷೆಯ ಬದಲು ಸೇವಾ ಪ್ರಮಾಣಪತ್ರ ಸಿಗುತ್ತಿತ್ತು. ಅದು ಬುದ್ಧಿವಂತಿಕೆಯ ಏರ್ಪಾಡು. 1977ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರಿನಿಂದ ಉಗಿ ಆರಿಹೋಯಿತು. ನೀರಿನ ಮೇಲೆ ಡೀಸೆಲ್ ಬಂದು ಅಷ್ಟರಲ್ಲಾಗಲೇ ಬಹಳ ಕಾಲವಾಗಿತ್ತು.

ಕರ್ನಾಟಕದಲ್ಲಿ ಎಂಜಿನ್ ನೌಕೆ ನಡೆಸುವ ವಿದ್ಯೆ ನಿಜವಾಗಿ ಬೆಳೆದದ್ದು ಶರಾವತಿಯ ಹಿನ್ನೀರಿನಲ್ಲಿ ಎಂದು ನನ್ನ ಅಭಿಪ್ರಾಯ. ಕರಾವಳಿಯವರು ಒಪ್ಪಲಿಕ್ಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹೊಳೆಯಾಚೆಯ ಊರುಗಳಿಗೆ ದಾರಿಯೆಂದರೆ ನೀರು. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಗಳಲ್ಲಿ ಲಾಂಚು ನಡೆಸಿದ ನಮ್ಮ ತಲೆಮಾರಿನವರು ಮೊದಲು ಹಗ್ಗ ಎಸೆಯಲು ಕಲಿತರು, ಆಮೇಲೆ ಎಂಜಿನ್ ಕೋಣೆ, ಕೊನೆಗೆ ಚುಕ್ಕಾಣಿ. ಬಸ್ಸನ್ನು ನಡುಮಧ್ಯಕ್ಕೆ ನಿಲ್ಲಿಸಿ, ಕಾರು ಜೀಪುಗಳನ್ನು ಎರಡೂ ಮಗ್ಗುಲಿಗೆ ತೂಕ ನೋಡಿ ಹಂಚಬೇಕು. ದಡ ಮುಟ್ಟಿದ ಕೂಡಲೇ ಎಂಜಿನ್ ಬಂದ್ ಮಾಡುವವನು ಹೊಸಬ. ಬಲ್ಲವನು ಎಂಜಿನ್ನನ್ನು ಮುಂದಕ್ಕೇ ಓಡಿಸುತ್ತ ಲಾಂಚನ್ನು ದಡಕ್ಕೆ ಒತ್ತಿ ಹಿಡಿದಿರುತ್ತಾನೆ. ಇಲ್ಲದಿದ್ದರೆ ಮೊದಲ ವಾಹನ ಇಳಿದ ಹೊಡೆತಕ್ಕೆ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆಯಾದ ಮರಗಳ ಬೊಡ್ಡೆಗಳು ಎಲ್ಲೆಲ್ಲಿ ತಲೆಯೆತ್ತುತ್ತವೆ, ಮಳೆಗಾಲದ ಗಾಳಿ ಚಪ್ಪಟೆ ಲಾಂಚನ್ನು ಯಾವ ಕಡೆಗೆ ಎಳೆಯುತ್ತದೆ, ಇದನ್ನೆಲ್ಲ ಹೇಳುವ ಪುಸ್ತಕ ಆಗ ಇರಲಿಲ್ಲ, ಈಗಲೂ ಇಲ್ಲ.

ಅರ್ಹತಾ ಪತ್ರದ ಪರೀಕ್ಷೆಯಲ್ಲಿ ಕೇಳುವುದು ಬೇರೆ. ಕೆಂಪು, ಹಸಿರು ದೀಪ ಗುರುತಿಸುವ ಕಣ್ಣು ಬೇಕು. ಒಂದು ಗಿಡ್ಡ ಶಿಳ್ಳೆಯೆಂದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡಾದರೆ ಎಡಕ್ಕೆ, ಮೂರಾದರೆ ಎಂಜಿನ್ ಹಿಂದಕ್ಕೆ ಹಾಕಿದ್ದೇನೆ. ಕಾಣದ ತಿರುವಿನಲ್ಲಿ ಒಂದು ಉದ್ದ ಶಿಳ್ಳೆ. ಗಂಟು, ಬೆಂಕಿ ಆರಿಸುವ ಕ್ರಮ, ನೀರಿಗೆ ಬಿದ್ದವನನ್ನು ಎತ್ತುವುದು. ಎಲ್ಲವೂ ಬೇಕಾದದ್ದೇ. ಆದರೆ ಈ ನದಿ, ಈ ಕಡವು ನಿನಗೆ ಗೊತ್ತೇ ಎಂದು ಅಲ್ಲಿ ಕೇಳುವವರಿಲ್ಲ. ರೈಲ್ವೆಯಲ್ಲಿ ಹೊಸ ಮಾರ್ಗಕ್ಕೆ ಬಂದ ಲೋಕೋ ಪೈಲಟ್ ಆ ದಾರಿಯನ್ನು ಕಲಿತು ಸಹಿ ಹಾಕದೆ ಗಾಡಿ ಬಿಡುವಂತಿಲ್ಲ. ನೀರಿನಲ್ಲಿ ಆ ಕಟ್ಟು ಬಂದಿಲ್ಲ.

ಕೇರಳ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಯಿತು, ಅದೂ ಸಾವುಗಳ ಬೆಲೆ ತೆತ್ತು. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ಸರ್ಕಾರಿ ಬೋಟು ಮುಳುಗಿ 29 ಜನ ಹೋದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ. ಅಲ್ಲಿ ಪ್ರಾಣಿ ನೋಡಲು ಪ್ರವಾಸಿಗರು ಒಂದೇ ಮಗ್ಗುಲಿಗೆ ಸರಿದರೆಂದು ಬದುಕಿ ಬಂದವರು ಹೇಳಿದರು. ಎರಡು ಅಂತಸ್ತಿನ ಬೋಟಿನಲ್ಲಿ ಮೇಲಿನವರು ಎದ್ದು ಒಂದು ಕಡೆ ನಿಂತರೆ ಏನಾಗುತ್ತದೆ ಎಂಬುದು ಚುಕ್ಕಾಣಿ ಹಿಡಿದವನಿಗೆ ಮೈಯಲ್ಲೇ ಗೊತ್ತಿರಬೇಕು. ಅದಕ್ಕೂ ಮೊದಲು, 'ಕೂತ್ಕೊಳ್ಳಿ' ಎಂದು ಗದರುವ ಧೈರ್ಯ ಬೇಕು. 2010ರಲ್ಲಿ ಕೇರಳ ತನ್ನದೇ ಒಳನಾಡು ನೌಕಾ ನಿಯಮಗಳನ್ನು ತಂದಿತು. ನಿಯಮ ಬಂದರೆ ಎಲ್ಲ ಬಂತು ಎನ್ನುವವರಿಗೆ 2023ರ ಮೇ 7ರ ತಾನೂರು ಉತ್ತರ: ಮೀನುಗಾರಿಕೆ ದೋಣಿಯನ್ನು ಪ್ರವಾಸಿ ಬೋಟಾಗಿ ಮಾರ್ಪಡಿಸಿದ್ದರು, ನಡೆಸುವವನಿಗೆ ಪರವಾನಗಿ ಇರಲಿಲ್ಲ, 22 ಜನ ಸತ್ತರು.

ನಮ್ಮಲ್ಲೂ 2019ರ ಜನವರಿ 21ರಂದು, ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದ, ಮಿತಿ ಮೀರಿ ಜನ ತುಂಬಿದ್ದ ದೋಣಿ ಅಲೆಗೆ ಮಗುಚಿ 16 ಜನ ತೀರಿಕೊಂಡರು. ಅದು ಸಮುದ್ರ; ಅಲ್ಲಿ ಒಳನಾಡಿನ ಕಾನೂನು ನಡೆಯುವುದಿಲ್ಲ. ಬಂದರಿನೊಳಗೆ ಓಡುವ ಪ್ರಯಾಣಿಕ ದೋಣಿಗಳಿಗೆ ಪರವಾನಗಿಯ ನಿಯಮ ಮಾಡುವ ಅಧಿಕಾರವನ್ನು 1908ರ ಬಂದರು ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಈಗ ಅದರ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ದೋಣಿ ನಡೆಸುವ ಒಂದೇ ತಾಂಡೇಲ ಕಾಳಿ ನದಿಯ ಒಳಗೆ ಒಂದು ಕಾನೂನಿಗೆ, ಅಳಿವೆ ದಾಟಿದ ಮೇಲೆ ಇನ್ನೊಂದಕ್ಕೆ ಒಳಪಡುತ್ತಾನೆ. ಅಲೆ ಮಾತ್ರ ಅಳಿವೆಯಲ್ಲೇ ಜೋರು.

2021ರ ಒಳನಾಡು ನೌಕೆಗಳ ಕಾಯ್ದೆ ಶತಮಾನದ ಹಳೆಯ ಕಾಯ್ದೆಯನ್ನು ತೆಗೆದುಹಾಕಿತು. ಅರ್ಹತಾ ಪತ್ರ ಈಗ ದೇಶಕ್ಕೆಲ್ಲ ಮಾನ್ಯ. ಮೊದಲು ಒಂದು ರಾಜ್ಯದಲ್ಲಿ ಪಾಸಾದವನು ಪಕ್ಕದ ರಾಜ್ಯದಲ್ಲಿ ಮತ್ತೆ ಕಚೇರಿ ಅಲೆಯಬೇಕಿತ್ತು. ಜಲಪ್ರದೇಶಗಳನ್ನು ಅಲೆಯ ಎತ್ತರದ ಮೇಲೆ ಮೂರು ವಲಯ ಮಾಡಿದ್ದಾರೆ: 2 ಮೀಟರ್‌, 1.2 ಮೀಟರ್‌, 0.6 ಮೀಟರ್‌ ಮಿತಿಯವು. ಇದು ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ ಅದರ ಗಮನವೆಲ್ಲ ಸರಕು ಸಾಗಿಸುವ ದೊಡ್ಡ ನೌಕೆಗಳ ಮೇಲೆ. ರೆಸಾರ್ಟಿನ ಔಟ್‌ಬೋರ್ಡ್ ಬೋಟು, ಕೆರೆಯ ವಿಹಾರದೋಣಿಗಳ ಉಸ್ತುವಾರಿ ರಾಜ್ಯಗಳ ಹೆಗಲಿಗೆ. ಎಂಜಿನ್ ಇಲ್ಲದವು ಸ್ಥಳೀಯ ಸಂಸ್ಥೆಗಳಿಗೆ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತದ್ದು ಇಂಥ ವಿಹಾರದೋಣಿಯಲ್ಲೇ. ತಲಕಾಡಿನಲ್ಲೋ ಹೊಗೇನಕಲ್ಲಿನಲ್ಲೋ ಪ್ರವಾಸಿಗರನ್ನು ಕೂರಿಸಿ ಹರಿಗೋಲು ತಿರುಗಿಸುವವನಿಗೆ ಯಾವ ಪಂಚಾಯಿತಿ ಏನು ಪರೀಕ್ಷೆ ಮಾಡೀತು? ಅವನ ಕೈ ಬಲ್ಲ ನೀರನ್ನು ಬರೆದಿಡುವವರೂ ಇಲ್ಲ.

ಅರ್ಹತಾ ಪತ್ರಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅವಘಡವಾದರೆ ಮೊದಲು ಹೊಣೆಯಾಗುವವನು ನಡೆಸುವವನು. ಹತ್ತು ಜನ ಹೆಚ್ಚು ಹತ್ತಿದಾಗ 'ಬಿಡೋದಿಲ್ಲ' ಎಂದರೆ ಕೆಲಸ ಕಳೆದುಕೊಳ್ಳುವವನೂ ಅವನೇ. ದಿನಗೂಲಿಯವನಿಗೆ ಸರ್ಟಿಫಿಕೇಟು ಕೊಟ್ಟು, ಟಿಕೆಟ್ ಎಣಿಸುವ ಮಾಲೀಕನ ಕೆಳಗೆ ನಿಲ್ಲಿಸಿದರೆ ಆ ಕಾಗದ ವಿಚಾರಣೆಗಷ್ಟೇ ಉಪಯೋಗ. ಮಿತಿ ಮೀರಿದಾಗ ಹೊರಡಲು ನಿರಾಕರಿಸಿದವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಒಂದು ಸಾಲು ರಾಜ್ಯದ ನಿಯಮಗಳಲ್ಲಿ ಬಂದರೆ ಸಾವಿರ ಜಾಕೆಟ್‌ಗಳಷ್ಟು ಕೆಲಸ ಮಾಡುತ್ತದೆ.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರಿಗೆ ಈಗ ಲಾಂಚು ಕಾಯುವ ಕಷ್ಟವಿಲ್ಲ, ಸಂತೋಷ. ಆದರೆ ಆ ಹಿನ್ನೀರಿನಲ್ಲಿ ಚುಕ್ಕಾಣಿ ಹಿಡಿದ ಕೈಗಳು ಇನ್ನೂ ಇವೆ. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಅವರನ್ನು ನಿವೃತ್ತಿಯ ಪಟ್ಟಿಗೆ ಸೇರಿಸಿ ಮರೆಯುವ ಮೊದಲು, ಕಬಿನಿ, ಕಾಳಿ, ಶರಾವತಿಗಳ ಹೊಸ ಬೋಟುಗಳವರಿಗೆ ಕನ್ನಡದಲ್ಲೇ ಕಲಿಸಲು, ಪರೀಕ್ಷಿಸಲು ಕರೆಯಲಿ.