ಮರದ ಜೀರ್ಣೋದ್ಧಾರ: ಶ್ರೀರಂಗಪಟ್ಟಣದಿಂದ ಮಣಿಪಾಲದವರೆಗೆ

ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಸದಿಯಾಗಲಿ, ದೇಗುಲವಾಗಲಿ, ಅದನ್ನು ಕಟ್ಟಿಸಿದವರು ಪೂಜೆಗೆ, ಆಹಾರದಾನಕ್ಕೆ ಭೂಮಿ ಬಿಟ್ಟಂತೆಯೇ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ಕಾರ್ಯಕ್ಕೂ ಭೂಮಿ ಬಿಡುತ್ತಿದ್ದರು. ಕಟ್ಟಿದ್ದು ಹಳತಾಗುತ್ತದೆ, ಹಳತಾದುದನ್ನು ಎತ್ತಿ ನಿಲ್ಲಿಸುವುದು ಹೊಸದನ್ನು ಕಟ್ಟುವಷ್ಟೇ ಪುಣ್ಯದ ಕೆಲಸ ಎಂಬ ತಿಳಿವಳಿಕೆ ಆ ಪದಪುಂಜದಲ್ಲಿದೆ. ಇತಿಹಾಸಕಾರರು ಈ ಮಾತನ್ನು ಕಲ್ಲಿನ ಕಟ್ಟಡಗಳಿಗೆ ಅನ್ವಯಿಸಿ ಓದಿರುವುದೇ ಹೆಚ್ಚು. ಮರದ ಜೀರ್ಣೋದ್ಧಾರದ ಕಥೆ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಮರ ಅಲ್ಪಾಯುಷಿ ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ಆದರೆ ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆಯ ಮೇಲ್ಛಾವಣಿಗೆ ಜೋಡಿಸಿದ ಮರದ ಕಮಾನುಗಳು ಸುಮಾರು ಎರಡು ಸಾವಿರ ವರ್ಷಗಳ ಬಳಿಕವೂ ಉಳಿದಿವೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳನ್ನು ಹೊತ್ತ ಕಂಬಗಳು ಇಂದಿಗೂ ನಿಂತಿವೆ. ಮರದ ನಿಜವಾದ ಶತ್ರುಗಳು ನೀರು, ಗೆದ್ದಲು ಮತ್ತು ಬೆಂಕಿ. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆ ಕಲ್ಲನ್ನೂ ಕಬ್ಬಿಣವನ್ನೂ ನೆಚ್ಚಿಕೊಂಡಿತು. ಈ ಮೂರು ಶತ್ರುಗಳಿಂದ ಪಾರಾದ ಮರಕ್ಕೆ ಇನ್ನೊಂದು ಗತಿಯುಂಟು: ಒಂದು ಕಟ್ಟಡದಿಂದ ಬಿಚ್ಚಲ್ಪಟ್ಟು ಇನ್ನೊಂದನ್ನು ಸೇರುವುದು.

ಇದರ ಪ್ರಸಿದ್ಧ ನಿದರ್ಶನ ಕರ್ನಾಟಕದ ಗಡಿಯಾಚೆ, ಉದಕಮಂಡಲದಲ್ಲಿದೆ. ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿನ ಅಸ್ತಿಭಾರ 1829ರಲ್ಲಿ ಬಿತ್ತು. ಮದರಾಸಿನ ಗವರ್ನರ್ ಲಷಿಂಗ್ಟನ್ ಅದರ ಪ್ರೇರಕ, ಕ್ಯಾಪ್ಟನ್ ಅಂಡರ್‌ವುಡ್ ಅದರ ನಿರ್ಮಾಪಕ. 1831ರಲ್ಲಿ ಬಾಗಿಲು ತೆರೆದ ಆ ಚರ್ಚಿನ ತೊಲೆಗಳಿಗೆ ಬೇಕಾದ ಮರವನ್ನು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತರಲಾಯಿತು. ಬಿಚ್ಚಿದ ತೊಲೆಗಳನ್ನು ಆನೆಗಳ ನೆರವಿನಿಂದ ಬೆಟ್ಟದ ಮೇಲಕ್ಕೆ ಸಾಗಿಸಿದರೆಂಬುದು ಪ್ರಸಿದ್ಧ ಮಾತು. ರಂಗನಾಥ ದೇವಾಲಯದ ಸಮೀಪದಲ್ಲಿದ್ದ ಅರಮನೆಯ ಗುರುತಾಗಿ ಇಂದು ಉಳಿದಿರುವುದು ಅಡಿಪಾಯದ ಅವಶೇಷ ಮಾತ್ರ. 1799ರಲ್ಲಿ ಅರಸೊತ್ತಿಗೆ ಅಳಿಯಿತು. ಅದರ ಮೂರು ದಶಕಗಳ ಬಳಿಕ ಅರಮನೆಯ ತೊಲೆಗಳು ಗೆದ್ದವರ ಪ್ರಾರ್ಥನಾಮಂದಿರದ ಮಾಡನ್ನು ಹೊತ್ತವು. ಮರದ ದೃಷ್ಟಿಯಿಂದ ಇದು ಮರುಹುಟ್ಟು. ಅರಮನೆಯ ದೃಷ್ಟಿಯಿಂದ ಅಳಿವು. ಮರುಬಳಕೆಯೆಲ್ಲವೂ ಜೀರ್ಣೋದ್ಧಾರವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇಷ್ಟು ದೂರ ಹೊತ್ತು ತರುವಷ್ಟು ಹಳೆಯ ಮರದಲ್ಲಿ ಏನಿದೆ? ದಟ್ಟ ಕಾಡಿನಲ್ಲಿ ನಿಧಾನವಾಗಿ ಬೆಳೆದ ತೇಗ, ಬೀಟೆ, ಹಲಸುಗಳಲ್ಲಿ ಕೆಚ್ಚಿನ ಭಾಗ ಹೆಚ್ಚು. ತಲೆಮಾರುಗಳ ಕಾಲ ಸೂರಿನಡಿ ಒಣಗಿದ ತೊಲೆ ಕುಗ್ಗುವಷ್ಟು ಕುಗ್ಗಿ, ಬಾಗುವಷ್ಟು ಬಾಗಿ ನೆಲೆಗೊಂಡಿರುತ್ತದೆ. ಹಸಿಮರದಂತೆ ಕಟ್ಟಿದ ಮೇಲೆ ಸೊಟ್ಟಗಾಗುವ ಭಯ ಕಡಿಮೆ. ಮರ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲ ಅದರ ಒಡಲಲ್ಲೇ ಇರುತ್ತದೆ; ಉರಿಸಿದರೆ ಅಥವಾ ಕೊಳೆಯಬಿಟ್ಟರೆ ಅದು ಮತ್ತೆ ಗಾಳಿಗೆ ಸೇರುತ್ತದೆ. ಹಳೆಯ ಬಡಗಿಗಳಿಗೆ ಈ ಲೆಕ್ಕ ತಿಳಿದಿರಲಿಲ್ಲ, ಆದರೆ ಒಳ್ಳೆಯ ಮರದ ಬೆಲೆ ತಿಳಿದಿತ್ತು. ಅವರು ಅನೇಕ ಮನೆಗಳನ್ನು ಮೊಳೆಯನ್ನು ನೆಚ್ಚದೆ, ಒಂದು ಮರದ ತುದಿಯನ್ನು ಇನ್ನೊಂದರ ರಂಧ್ರದಲ್ಲಿ ಕೂಡಿಸಿ, ಬೆಣೆ ಹೊಡೆದು ಕಟ್ಟಿದರು. ಹಾಗೆ ಕೂಡಿಸಿದ್ದನ್ನು ಮುರಿಯದೆ ಬಿಚ್ಚಬಹುದು.

ಈ ಗುಣದ ಪರೀಕ್ಷೆ ನಡೆದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕರಾವಳಿಯಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನು ಭೂಮಿಯ ಒಡೆಯನಾದ. ಶತಮಾನಗಳ ಅನ್ಯಾಯಕ್ಕೆ ಅದು ತಡವಾಗಿ ಬಂದ ಪರಿಹಾರ. ಅದೇ ವೇಳೆಗೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಚೌಕಿಮನೆಗಳ, ಗುತ್ತುಮನೆಗಳ ಆದಾಯ ನಿಂತಿತು. ಕೂಡುಕುಟುಂಬಗಳು ಒಡೆದವು, ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ ಹೋದರು. ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸಬೇಕಾದ ಮನೆಯನ್ನು ನೋಡಿಕೊಳ್ಳುವವರಿಲ್ಲವಾದರು. ಕೆತ್ತನೆಯ ಕಂಬಗಳು, ಬೋದಿಗೆಗಳು, ಬಾಗಿಲ ದಾರಂದಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾದವು; ಕೆಲವು ಒಲೆ ಸೇರಿದವು.

ಈ ಹೊತ್ತಿನಲ್ಲಿ ಎಚ್ಚೆತ್ತವರು ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (1934–2017). ಅವರು ಅಳಿವಿನ ಅಂಚಿನಲ್ಲಿದ್ದ ಮನೆಗಳ ಬಾಗಿಲು, ಕಂಬ, ತೊಲೆಗಳನ್ನು ಸಂಗ್ರಹಿಸಿ ಮಣಿಪಾಲದಲ್ಲಿ ತಮಗೊಂದು ಮನೆ ಕಟ್ಟಿಕೊಂಡರು. ‘ಹಸ್ತಶಿಲ್ಪ’ ಎಂದು ಹೆಸರಾದ ಅದನ್ನು ನೋಡಲು ಜನ ಬರತೊಡಗಿದರು. ಆದರೆ ಬಿಡಿಭಾಗಗಳನ್ನು ಉಳಿಸಿದರೆ ಮನೆ ಉಳಿಯಲಿಲ್ಲ ಎಂಬುದನ್ನು ಅವರು ಬೇಗ ಕಂಡುಕೊಂಡರು. ಮುಂದೆ ಸುಮಾರು 6 ಎಕರೆ ಜಾಗದಲ್ಲಿ ಅವರು ರೂಪಿಸಿದ ಪರಂಪರಾ ಗ್ರಾಮದಲ್ಲಿ ಇಡೀ ಮನೆಗಳೇ ಬಂದು ನಿಂತವು: ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರು, ಹುಮನಾಬಾದಿನ ನವಾಬ್ ಮಹಲ್.

ಇಂಥ ಸ್ಥಳಾಂತರದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೊದಲು ಮನೆಯ ಅಳತೆ ತೆಗೆದು ನಕ್ಷೆ ಬರೆಯಬೇಕು. ಪ್ರತಿ ಜಂತೆಗೂ, ಕಂಬಕ್ಕೂ ಗುರುತು ಹಾಕಬೇಕು. ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ, ಮಾಡಿನಿಂದ ಆರಂಭಿಸಿ ಬಿಚ್ಚಬೇಕು. ಗೋಡೆಯಲ್ಲಿ ಹುದುಗಿದ್ದ ತುದಿಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ತೇವವೂ ಗೆದ್ದಲೂ ಒಳಹೊಗುವುದು ಅಲ್ಲಿಂದಲೇ. ಕೊಳೆತಷ್ಟನ್ನು ಮಾತ್ರ ಕತ್ತರಿಸಿ ಅದೇ ಜಾತಿಯ ಮರವನ್ನು ಕೂಡಿಸಬೇಕು. ಹಳೆಯ ಬಡಗಿಯ ಕೈ ಹೇಗೆ ಓಡಿತ್ತೆಂಬುದನ್ನು ಹೊಸ ಬಡಗಿ ಕಲಿಯುವುದು ಈ ಬಿಚ್ಚುವ ಕೆಲಸದಲ್ಲೇ. ಹೀಗೆ ಮರದೊಡನೆ ವಿದ್ಯೆಯೂ ಉಳಿಯುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಬಾವಿಕಟ್ಟೆ, ನಾಗಬನ, ಗದ್ದೆಯ ಬದುಗಳಿಂದ ಬೇರ್ಪಟ್ಟ ಮನೆ ಅದೇ ಮನೆಯೇ? ಅಲ್ಲ. ಆದರೆ ಅಲ್ಲಿ ಉಳಿಯಲಾರದ ಮನೆಗೆ ಇದ್ದ ಇನ್ನೊಂದು ದಾರಿ ಬೀಳುವುದು ಮಾತ್ರ. ಉದಕಮಂಡಲಕ್ಕೂ ಮಣಿಪಾಲಕ್ಕೂ ಇರುವ ಅಂತರ ಇಲ್ಲಿದೆ: ಅಲ್ಲಿ ತೊಲೆ ಉಳಿದು ಅರಮನೆ ಅಳಿಯಿತು, ಇಲ್ಲಿ ನೆಲ ಬದಲಾದರೂ ಮನೆ ತನ್ನ ಊರಿನ ಹೆಸರನ್ನೂ ರೂಪವನ್ನೂ ಉಳಿಸಿಕೊಂಡಿತು.

ಇಂದು ಹಳೆಯ ಕಂಬಗಳಿಗೆ ಹೋಟೆಲು, ರೆಸಾರ್ಟುಗಳಲ್ಲಿ ಬೇಡಿಕೆಯಿದೆ. ಬೀಳುವ ಮನೆಯ ಮರ ಮತ್ತೊಂದು ಮನೆಗೆ ಆಸರೆಯಾದರೆ ಒಂದು ಹೊಸ ಮರ ಕಾಡಿನಲ್ಲಿ ಉಳಿಯುತ್ತದೆ, ಅದು ಒಳಿತು. ಆದರೆ ಕಂಬಕ್ಕೆ ಬೆಲೆ ಬಂತೆಂದು ಗಟ್ಟಿಯಾಗಿ ನಿಂತ ಮನೆಯನ್ನು ಕೆಡವಿದರೆ ಅದು ಉದಕಮಂಡಲದ ಪುನರಾವರ್ತನೆ. ಶಾಸನಕಾರರು ಭೂಮಿ ಬಿಟ್ಟದ್ದು ಕಟ್ಟಡವನ್ನು ನಿಂತಲ್ಲೇ ಉಳಿಸಲು. ಅದು ಸಾಧ್ಯವಾಗದಿದ್ದಾಗ ಮನೆಯನ್ನು ಇಡಿಯಾಗಿ ಸಾಗಿಸುವುದು. ಅದೂ ಆಗದಿದ್ದರೆ ಮಾತ್ರ ಬಿಡಿ ಮರದ ಬಳಕೆ. ಈ ಕ್ರಮ ತಪ್ಪದಿದ್ದರೆ ಮರುಬಳಕೆಯೂ ಜೀರ್ಣೋದ್ಧಾರದ ಹೆಸರಿಗೆ ಅರ್ಹವಾಗುತ್ತದೆ.