ಕಯಾಕ್ ಓಡಿಸಲು ದಪ್ಪ ತೋಳು ಬೇಕೇ?

“ಜಿಮ್‌ನಲ್ಲಿ ತೋಳು ಬೆಳೆಸಿದವರಿಗಷ್ಟೇ ಕಯಾಕ್” ಎಂಬ ಮಾತನ್ನು ನೀವೂ ಕೇಳಿರಬಹುದು. ಕಯಾಕ್ ಇರುವ ಕಡೆ ಅರ್ಧ ಗಂಟೆ ನಿಂತು ನೋಡಿ. ದಪ್ಪ ತೋಳಿನವರು ನೀರಿಗೆ ಪಟಪಟ ಬಡಿದು, ಹಿಂದೆ ಬರುವವರಿಗೆ ಸ್ನಾನ ಮಾಡಿಸಿ, ಹತ್ತು ನಿಮಿಷಕ್ಕೆ ಸುಸ್ತಾಗಿ ಕೂತಿರುತ್ತಾರೆ. ಸಪೂರ ಆಸಾಮಿಯೊಬ್ಬರು ಸದ್ದಿಲ್ಲದೆ ಪಕ್ಕದಲ್ಲೇ ಮುಂದೆ ಹೋಗುತ್ತಾರೆ.

ಇದು ಹೇಗೆ? ಕಯಾಕ್ ಸಾಗುವುದು ಸೊಂಟದ ಮೇಲಿನ ಇಡೀ ಮೈಯ ತಿರುವಿನಿಂದ. ಬೆನ್ನು, ಹೊಟ್ಟೆಯ ಸ್ನಾಯುಗಳು ತೋಳಿನವಕ್ಕಿಂತ ದೊಡ್ಡವು, ಬೇಗ ದಣಿಯುವುದಿಲ್ಲ. ಅಜ್ಜಿ ಒರಳಿನಲ್ಲಿ ಹಿಟ್ಟು ರುಬ್ಬುವಾಗ ಮೈಯೆಲ್ಲ ತೂಗುತ್ತಿತ್ತಲ್ಲ, ಅದೇ ಸೂತ್ರ. ಗ್ರೀನ್‌ಲ್ಯಾಂಡ್‌ನ ಇನ್ಯುಟ್ ಜನ ಸೀಲ್ ಚರ್ಮ ಹೊದಿಸಿದ ಕಯಾಕ್‌ನಲ್ಲಿ ಸಮುದ್ರದಲ್ಲಿ ಬೇಟೆಯಾಡುತ್ತಿದ್ದರು, ಅದೂ ಜಿಮ್ ಇಲ್ಲದೆ!

ಮೈಯನ್ನು ಎಡಕ್ಕೆ ತಿರುಗಿಸಿ, ಬಲಗಡೆಯ ಅಲಗನ್ನು ಬಲಪಾದದ ಪಕ್ಕ ನೀರಿನಲ್ಲಿ ಪೂರ್ತಿ ಮುಳುಗಿಸಿ. ಬಲಗಾಲನ್ನು ಒತ್ತುತ್ತಾ ಮೈಯನ್ನು ಬಲಕ್ಕೆ ತಿರುಗಿಸಿ. ಅಲಗು ಸೊಂಟದ ಹತ್ತಿರ ಬಂತೇ? ಎತ್ತಿಬಿಡಿ. ಅದಕ್ಕಿಂತ ಹಿಂದಕ್ಕೆ ಎಳೆದರೆ ಅಲಗು ನೀರನ್ನು ಮೇಲಕ್ಕೆ ಎತ್ತುತ್ತದೆಯೇ ಹೊರತು ದೋಣಿಯನ್ನು ಮುಂದೆ ತಳ್ಳುವುದಿಲ್ಲ. ಅಲಗು ದೋಣಿಯಿಂದ ದೂರ ಹೋದಷ್ಟೂ ದೋಣಿ ತಿರುಗುತ್ತದೆ. ಸಾಲಿಗ್ರಾಮದ ಹಿನ್ನೀರಿನಲ್ಲಿ ಮೊದಲ ಸಲ ಕೂತಾಗ ನಾವು ಕಾಂಡ್ಲಾ ಗಿಡಗಳಿಗೆ ಪ್ರದಕ್ಷಿಣೆ ಹಾಕಿದ್ದು ಇದೇ ಕಾರಣಕ್ಕೆ. ಆಗ ದೂರಿದ್ದು ಮಾತ್ರ ದೋಣಿಯನ್ನು.

ಇನ್ನು ಹಿಡಿತ. ನೂಕುನುಗ್ಗಲಿನ ಬಸ್ಸಿನಲ್ಲಿ ಕಂಬಿ ಹಿಡಿದಂತೆ ಪ್ಯಾಡಲ್ ಹಿಡಿದರೆ ಮಣಿಕಟ್ಟು ನೋಯುತ್ತದೆ. ಮೇಲಿನ ಕೈಯ ಬೆರಳು ಸಡಿಲವಾಗಿರಲಿ.

ನಗು ಸಾಕು, ಜೀವದ ಮಾತು ಇದು. ದಡದಿಂದ ಸಮುದ್ರದ ಕಡೆಗೆ ಗಾಳಿ ಬೀಸುವಾಗ ಹೋಗುವ ದಾರಿಯಲ್ಲಿ ನಾವೆಲ್ಲ ಚಾಂಪಿಯನ್ನರೇ. ವಾಪಸ್ ಬರುವಾಗ, ತೋಳು ಸೋತ ಮೇಲೆ, ಅದೇ ಗಾಳಿ ಎದುರಾಗುತ್ತದೆ. ಅಂಥ ದಿನ ಹೊಸಬರು ಸಮುದ್ರಕ್ಕೆ ಇಳಿಯಲೇಬಾರದು. “ಈಜು ಬರುತ್ತೆ, ಲೈಫ್ ಜಾಕೆಟ್ ಯಾಕೆ?” ಎನ್ನುವುದು ಶುದ್ಧ ಸುಳ್ಳು ಧೈರ್ಯ: ದಣಿದವರಿಗೂ ತಲೆಗೆ ಪೆಟ್ಟಾದವರಿಗೂ ಈಜು ನೆನಪಿಗೆ ಬರುವುದಿಲ್ಲ. ಜಾಕೆಟ್ ಮೈಮೇಲಿರಬೇಕು, ಸೀಟಿನ ಹಿಂದೆ ಅಲ್ಲ.

ಸಮುದ್ರದಲ್ಲಿ ಮಗುಚಿಬಿದ್ದರೆ ಕಯಾಕ್ ಬಿಟ್ಟು ದಡಕ್ಕೆ ಈಜಲು ಹೊರಡಬೇಡಿ, ಅದನ್ನೇ ಹಿಡಿದುಕೊಂಡಿರಿ. ಅದು ತೇಲುತ್ತದೆ, ದೂರದಿಂದ ಕಾಣುತ್ತದೆ. ಅಲೆಗಳ ನಡುವೆ ನಿಮ್ಮ ತಲೆ, ಎಷ್ಟೇ ಚೆನ್ನಾಗಿ ಬಾಚಿದ್ದರೂ, ಅಷ್ಟು ಸುಲಭವಾಗಿ ಕಾಣುವುದಿಲ್ಲ.